ನೋಡದೆ ಕೊಳ್ಳುವ ಕಾರು

ಟೋಕಿಯೋ ಪಕ್ಕದ ಚಿಬಾ ಪ್ರಾಂತ್ಯದಲ್ಲಿ ನೋಡಾ ಎಂಬ ಊರಿದೆ. ಜಪಾನೀಯರ ಪಾಲಿಗೆ ಅದು ಸೋಯಾ ಸಾಸ್‌ನ ಊರು. ಹಳೆಯ ಕಾರಿನ ವ್ಯಾಪಾರಿಗಳ ಪಾಲಿಗೆ ಗುರುವಾರದ ಊರು. ಯುಎಸ್ಎಸ್ ಎಂಬ ಹರಾಜು ಕಂಪನಿಯ ವಿಶಾಲ ಅಂಗಳದಲ್ಲಿ ವಾರಕ್ಕೊಮ್ಮೆ ಕಾರುಗಳ ಸಂತೆ ನೆರೆಯುತ್ತದೆ. ಸಂತೆ ಅಂದಮಾತ್ರಕ್ಕೆ ಅಲ್ಲಿ ಗದ್ದಲವಿಲ್ಲ, ಚೌಕಾಸಿಯಿಲ್ಲ, ಸವಾಲು ಕೂಗುವವರೂ ಇಲ್ಲ. ಸಿನಿಮಾ ಮಂದಿರದಂಥ ಸಭಾಂಗಣದಲ್ಲಿ ಸಾಲುಸಾಲು ಮೇಜು, ಎದುರಿಗೆ ಪರದೆ, ಬೆರಳಿಗೊಂದು ಗುಂಡಿ. ಗುಂಡಿ ಒತ್ತಿದಂತೆ ಬೆಲೆ ಕೆಲವು ಸಾವಿರ ಯೆನ್ ಮೇಲೇರುತ್ತದೆ. ಒಂದು ಕಾರಿನ ಹಣೆಬರಹ ತೀರ್ಮಾನವಾಗಲು ಅರ್ಧ ನಿಮಿಷ ಸಾಕು. ಹಲವು ಸಾಲುಗಳಲ್ಲಿ ಒಟ್ಟೊಟ್ಟಿಗೇ ಹರಾಜು ನಡೆಯುವುದರಿಂದ ಭರಾಟೆಯ ದಿನ ಹತ್ತು ಸಾವಿರಕ್ಕೂ ಹೆಚ್ಚು ಕಾರುಗಳು ಪರದೆಯ ಮೇಲೆ ಹಾದುಹೋಗುತ್ತವೆ.

ಗುಂಡಿ ಒತ್ತುವ ಎಷ್ಟೋ ಮಂದಿಗೆ ಆ ಕಾರು ಸ್ವಂತಕ್ಕೆ ಬೇಕಾಗಿರುವುದಿಲ್ಲ. ಬೇಕಾದವನು ನೈರೋಬಿಯಲ್ಲೋ ದಾರ್ ಎಸ್ ಸಲಾಂನಲ್ಲೋ ಕೊಲಂಬೊದಲ್ಲೋ ಇರುತ್ತಾನೆ. ನೋಡಾದಲ್ಲಿ ಬೆಳಿಗ್ಗೆ ಹತ್ತು ಗಂಟೆಯಾದಾಗ ನೈರೋಬಿಯಲ್ಲಿ ಇನ್ನೂ ನಸುಕಿನ ನಾಲ್ಕು. ಅವನು ಮಲಗಿರುವಾಗಲೇ ಅವನ ಕಾರು ಅವನದಾಗಿಬಿಡುತ್ತದೆ. ಬಾಗಿಲು ತೆಗೆದು ನೋಡಿಲ್ಲ, ಎಂಜಿನ್ ಸದ್ದು ಕೇಳಿಲ್ಲ, ಒಂದು ಸುತ್ತು ಓಡಿಸಿಲ್ಲ. ನಮ್ಮೂರಲ್ಲಿ ಹಳೆಯ ಸ್ಕೂಟರ್ ಕೊಳ್ಳುವಾಗಲೂ ಮೆಕ್ಯಾನಿಕ್ಕನ್ನು ಜೊತೆಗೆ ಕರೆದೊಯ್ಯುವವರಿಗೆ ಇದು ಹುಚ್ಚುತನ ಅನ್ನಿಸಬಹುದು. ಆದರೂ ಜಪಾನಿನಿಂದ ವರ್ಷಕ್ಕೆ 15 ಲಕ್ಷದ ಆಸುಪಾಸು ಹಳೆಯ ವಾಹನಗಳು ಹೊರದೇಶಗಳಿಗೆ ಹೋಗುತ್ತವೆ. ಅವುಗಳಲ್ಲಿ ಬಹುಪಾಲನ್ನು ಕೊಂಡವರು ಮೊದಲು ಕಂಡದ್ದು ಫೋಟೊ ಮತ್ತು ಒಂದು ಹಾಳೆ ಕಾಗದವನ್ನು ಮಾತ್ರ.

ಚೆನ್ನಾಗಿ ಓಡುತ್ತಿರುವ ಕಾರನ್ನು ಜಪಾನೀಯರು ಮಾರುವುದಾದರೂ ಏಕೆ? ಅಲ್ಲಿ ಹಳೆಯ ಕಾರು ಓಡಿಸುವಂತಿಲ್ಲ, ಇಷ್ಟು ವರ್ಷವಾದ ಮೇಲೆ ಗುಜರಿಗೆ ಹಾಕಲೇಬೇಕು ಎಂಬ ಮಾತು ಬಹಳ ಕಡೆ ಚಾಲ್ತಿಯಲ್ಲಿದೆ. ಅದು ಸುಳ್ಳು. ಮೂವತ್ತು ವರ್ಷದ ಕಾರನ್ನೂ ಅಲ್ಲಿ ರಾಜಾರೋಷವಾಗಿ ಓಡಿಸಬಹುದು, ಖರ್ಚು ತಡೆದುಕೊಳ್ಳುವ ಶಕ್ತಿಯಿದ್ದರೆ. ಖರ್ಚಿನ ಮೂಲ 'ಶಾಕೆನ್' ಎಂಬ ಕಡ್ಡಾಯ ತಪಾಸಣೆ. ಹೊಸ ಖಾಸಗಿ ಕಾರಿಗೆ ಮೂರು ವರ್ಷ ತುಂಬಿದಾಗ ಮೊದಲ ಸಲ, ಆಮೇಲೆ ಎರಡು ವರ್ಷಕ್ಕೊಮ್ಮೆ. ತಪಾಸಣೆಯ ಶುಲ್ಕವೇ ಭಾರವಲ್ಲ. ಅದರ ಜೊತೆಯಲ್ಲೇ ಕಟ್ಟಬೇಕಾದ ತೂಕದ ತೆರಿಗೆ, ಕಡ್ಡಾಯ ವಿಮೆ, ಪಾಸಾಗಲೆಂದು ಬದಲಿಸಿದ ಬಿಡಿಭಾಗಗಳ ಬಿಲ್ಲು, ಎಲ್ಲ ಸೇರಿದರೆ ಒಂದು ಲಕ್ಷ ಯೆನ್ ದಾಟುವುದು ಮಾಮೂಲು. 13 ವರ್ಷ ತುಂಬಿದ ಕಾರಿಗೆ ತೂಕದ ತೆರಿಗೆ ಏರುತ್ತದೆ, 18 ತುಂಬಿದರೆ ಇನ್ನೊಮ್ಮೆ. ನಗರಗಳಲ್ಲಿ ಮನೆಯಿಂದ ಎರಡು ಕಿಲೋಮೀಟರ್ ಒಳಗೆ ಕಾರು ನಿಲ್ಲಿಸಲು ಜಾಗವಿದೆ ಎಂದು ಪೊಲೀಸರಿಂದ ಪ್ರಮಾಣಪತ್ರ ತಂದರಷ್ಟೇ ನೋಂದಣಿ, ಹಾಗಾಗಿ ಹಳೆಯದನ್ನು ಮನೆ ಮುಂದೆ ಬಿಟ್ಟುಕೊಂಡು ಹೊಸದನ್ನು ತರುವ ನಮ್ಮ ಅಭ್ಯಾಸ ಅಲ್ಲಿ ನಡೆಯದು. ಶಾಕೆನ್ ಗಡುವು ಹತ್ತಿರ ಬಂದಾಗ ಯಜಮಾನ ಲೆಕ್ಕ ಹಾಕುತ್ತಾನೆ, ಹೊಸ ಕಾರಿನ ಶೋರೂಮಿಗೆ ಹೋಗುತ್ತಾನೆ, ಹಳೆಯದನ್ನು ಅಲ್ಲೇ ಬಿಟ್ಟು ಬರುತ್ತಾನೆ. ಶೋರೂಮಿನವರು ಅದನ್ನು ಹರಾಜಿಗೆ ಕಳಿಸುತ್ತಾರೆ.

ಹೀಗೆ ಬಂದ ಕಾರುಗಳಲ್ಲಿ ಟೊಯೋಟಾ ಪ್ರೊಬಾಕ್ಸ್‌ನ ಕಥೆ ಸ್ವಾರಸ್ಯದ್ದು. 2002ರಲ್ಲಿ ಹುಟ್ಟಿದ ಈ ವಾಹನಕ್ಕೆ ಜಪಾನಿನಲ್ಲಿ ಯಾವ ಅಂದಚಂದದ ಗೌರವವೂ ಇಲ್ಲ. ಕಂಪನಿಗಳ ಸೇಲ್ಸ್‌ಮನ್‌ಗಳು, ವಿದ್ಯುತ್ ರಿಪೇರಿಯವರು ಸಾಮಾನು ತುಂಬಿಕೊಂಡು ಅಲೆಯುವ ಚಚ್ಚೌಕದ ಡಬ್ಬಿ ಅದು. ಸರಕು ವಾಹನದ ಲೆಕ್ಕಕ್ಕೆ ಸೇರುವುದರಿಂದ ಅದಕ್ಕೆ ಶಾಕೆನ್ ಇನ್ನೂ ಬಿಗಿ: ಮೊದಲ ಎರಡು ವರ್ಷ ಬಿಟ್ಟರೆ ಆಮೇಲೆ ಪ್ರತಿ ವರ್ಷ. ಅದೇ ಡಬ್ಬಿ ಕೀನ್ಯಾಕ್ಕೆ ಬಂದರೆ ಹಳ್ಳಿಗಾಡಿನ ರಾಜ. ಹಿಂದೆ ತರಕಾರಿ ಮೂಟೆ, ಮೇಲೆ ಕೋಳಿ ಬುಟ್ಟಿ, ಒಳಗೆ ಸೀಟಿಗಿಂತ ಹೆಚ್ಚು ಜನ. ಮಲೆನಾಡಿನ ಬಾಡಿಗೆ ಜೀಪು ಹತ್ತಿದವರಿಗೆ ಈ ದೃಶ್ಯ ವಿವರಿಸಬೇಕಾಗಿಲ್ಲ.

ಇನ್ನು ಆ ಒಂದು ಹಾಳೆಯ ವಿಷಯ. ಅದರ ಹೆಸರು ಆಕ್ಷನ್ ಶೀಟ್. ಕಾರು ಅಂಗಳಕ್ಕೆ ಬಂದ ಕೂಡಲೇ ಹರಾಜು ಕಂಪನಿಯ ತಪಾಸಕ ಟಾರ್ಚು ಹಿಡಿದು ಬರುತ್ತಾನೆ. ಅವನು ಮಾರುವವನ ಕಡೆಯವನಲ್ಲ, ಕೊಳ್ಳುವವನ ಕಡೆಯವನೂ ಅಲ್ಲ, ಇಡೀ ವ್ಯವಸ್ಥೆ ನಿಂತಿರುವುದೇ ಈ ತಟಸ್ಥತೆಯ ಮೇಲೆ. ಕಾರಿನ ಕೆಳಗೆ ಇಣುಕುತ್ತಾನೆ, ಬಾನೆಟ್ಟಿನ ಬೋಲ್ಟುಗಳನ್ನು ಯಾರಾದರೂ ಬಿಚ್ಚಿದ್ದಾರೆಯೇ ನೋಡುತ್ತಾನೆ, ಬಾಗಿಲ ಅಂಚಿನ ರಬ್ಬರ್ ಎತ್ತಿ ವೆಲ್ಡಿಂಗ್ ಗುರುತು ಹುಡುಕುತ್ತಾನೆ. ಆಮೇಲೆ ಇಡೀ ಕಾರಿಗೆ ಒಂದು ಅಂಕ ಕೊಡುತ್ತಾನೆ. ಹೊಸದರಂತಿದ್ದರೆ S ಅಥವಾ 6. ಬಲು ಚೆನ್ನಾಗಿದ್ದರೆ 5, 4.5. ವಯಸ್ಸಿಗೆ ತಕ್ಕ ಗೀರುಗಳಿರುವ ಒಳ್ಳೆಯ ಕಾರಿಗೆ 4, ಇನ್ನಷ್ಟು ಸವೆದಿದ್ದರೆ 3.5, 3. ಅಪಘಾತವಾಗಿ ಚೌಕಟ್ಟಿನ ಭಾಗ ರಿಪೇರಿಯಾಗಿದ್ದರೆ R, ಅದು ಸಣ್ಣಪುಟ್ಟದ್ದಾದರೆ RA. ಒಳಾಂಗಣಕ್ಕೆ A, B, C, D ಎಂದು ಬೇರೆ ಲೆಕ್ಕ.

ಶೀಟಿನ ಮೂಲೆಯಲ್ಲಿ ಕಾರಿನ ಮೈಯನ್ನು ಬಿಡಿಸಿ ಹರಡಿದಂಥ ಚಿತ್ರವೊಂದು ಇರುತ್ತದೆ. ಅದರ ಮೇಲೆ ಪುಟ್ಟ ಅಕ್ಷರಗಳು. A ಎಂದರೆ ಗೀರು, U ಎಂದರೆ ನೆಗ್ಗು, S ತುಕ್ಕು, W ಎಂದರೆ ತಗಡು ತಟ್ಟಿ ಬಣ್ಣ ಹೊಡೆದ ಗುರುತು. ಪಕ್ಕದ ಅಂಕಿ ದೊಡ್ಡದಾದಷ್ಟೂ ಏಟು ದೊಡ್ಡದು. X ಇದ್ದರೆ ಆ ಭಾಗ ಬದಲಿಸಬೇಕು, XX ಇದ್ದರೆ ಆಗಲೇ ಬದಲಿಸಿ ಆಗಿದೆ. ದನದ ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡಿ ವಯಸ್ಸು, ಸುಳಿ ನೋಡಿ ಗುಣ ಹೇಳುವವರಿರುತ್ತಾರಲ್ಲ, ಇಲ್ಲಿಯ ತಪಾಸಕ ಅಂಥವನೇ. ವ್ಯತ್ಯಾಸ ಇಷ್ಟೆ, ಇವನು ಕಂಡ ಸುಳಿಯನ್ನೆಲ್ಲ ಬರೆದಿಡುತ್ತಾನೆ.

ಬರೆಯುವುದು ಜಪಾನಿ ಭಾಷೆಯಲ್ಲಿ, ಅದೂ ಎಷ್ಟೋ ಸಲ ಅವಸರದ ಕೈಬರಹದಲ್ಲಿ. ನಿಜವಾದ ಸುದ್ದಿ ಇರುವುದು ಅಲ್ಲೇ. ಅಂಕ 4 ಇರುವ ಎರಡು ಕಾರು ಅಕ್ಕಪಕ್ಕ ನಿಂತಿರಬಹುದು. ಒಂದರ ಷರಾದಲ್ಲಿ 'ಸೀಟಿನ ಮೇಲೆ ಸಿಗರೇಟಿನ ಸುಟ್ಟ ಕಲೆ' ಎಂದಿರುತ್ತದೆ, ಇನ್ನೊಂದರಲ್ಲಿ 'ಕೆಳಮೈ ತುಕ್ಕು' ಎಂದು. ಕಲೆ ಮುಚ್ಚಲು ಒಂದು ಸೀಟ್ ಕವರ್ ಸಾಕು. ಕೆಳಮೈ ತುಕ್ಕು ಹಾಗಲ್ಲ. ಅಂಥ ಕಾರು ಬಹುಶಃ ಹೊಕ್ಕೈಡೊದಂಥ ಹಿಮದ ನಾಡಿನಲ್ಲಿ ಓಡಿದ್ದು, ಅಲ್ಲಿ ಹಿಮ ಕರಗಿಸಲು ರಸ್ತೆಗೆ ಎರಚುವ ಉಪ್ಪು ತಗಡನ್ನು ಒಳಗಿನಿಂದ ತಿಂದುಹಾಕಿರುತ್ತದೆ. ಫೋಟೊದಲ್ಲಿ ಎರಡೂ ಒಂದೇ ರೀತಿ ಮಿನುಗುತ್ತವೆ. ಮತ್ತೆ ಎಲ್ಲ ಹರಾಜು ಕಂಪನಿಗಳ ಕೈ ಒಂದೇ ಅಲ್ಲ. ಒಂದು ಕಡೆಯ 4 ಇನ್ನೊಂದು ಕಡೆ 3.5 ಆಗಬಹುದು. ಕೆಲವು ಮೇಷ್ಟರು ಬಿಗಿ, ಕೆಲವರು ಧಾರಾಳಿ.

ವರ್ಷದ ಲೆಕ್ಕವೂ ಹೊರಗಿನವರಿಗೆ ಒಗಟು. ನಾವು ಸಂವತ್ಸರದ ಹೆಸರು ಹೇಳುವಂತೆ ಜಪಾನೀಯರು ಚಕ್ರವರ್ತಿಯ ಆಳ್ವಿಕೆಯಿಂದ ವರ್ಷ ಎಣಿಸುತ್ತಾರೆ. ಶೀಟಿನಲ್ಲಿ H30 ಎಂದಿದ್ದರೆ ಹೈಸೇ ಶಕೆಯ ಮೂವತ್ತನೇ ವರ್ಷ, ಅಂದರೆ 2018. 2019ರ ಮೇ 1ರಂದು ಹೊಸ ಚಕ್ರವರ್ತಿ ಪಟ್ಟಕ್ಕೆ ಬಂದು ರೇವಾ ಶಕೆ ಶುರುವಾಯಿತು. ಹಾಗಾಗಿ 2019ರ ಕಾರು ಏಪ್ರಿಲ್‌ನಲ್ಲಿ ನೋಂದಣಿಯಾಗಿದ್ದರೆ H31, ಮೇನಲ್ಲಾದರೆ R1. ಓದಿದರೆ ಮೂವತ್ತು ವರ್ಷ ಅಂತರವಿದ್ದಂತೆ ಕಾಣುತ್ತದೆ, ಇರುವುದು ಒಂದು ತಿಂಗಳು!

ದಲ್ಲಾಳಿ ಬೇಕಾಗುವುದು ಇಲ್ಲಿ. ಹರಾಜಿನೊಳಗೆ ಕಾಲಿಡಲು ಸದಸ್ಯತ್ವ ಬೇಕು, ಅದು ವ್ಯಾಪಾರಿಗಳಿಗೆ ಮಾತ್ರ. ಹಳೆಯ ವಸ್ತುಗಳ ವ್ಯಾಪಾರಕ್ಕೆ ಜಪಾನಿನಲ್ಲಿ 'ಕೊಬುತ್ಸುಶೋ' ಎಂಬ ಪರವಾನಗಿ ಪಡೆಯಬೇಕು, ಅದನ್ನು ಕೊಡುವುದು ಪೊಲೀಸ್ ಇಲಾಖೆಯ ಮೂಲಕ. ಕದ್ದ ಮಾಲು ಕೈ ಬದಲಾಗದಿರಲಿ ಎಂಬ ಕಾರಣಕ್ಕೆ. ಹೊರದೇಶದ ಗಿರಾಕಿಗೆ ಇವೆರಡೂ ನಿಲುಕದ ಕಾರಣ ಅವನ ಪರವಾಗಿ ಗುಂಡಿ ಒತ್ತಲು ಸದಸ್ಯನೊಬ್ಬ ಬೇಕೇ ಬೇಕು. ಈ ವೃತ್ತಿಯಲ್ಲಿ ಜಪಾನೀಯರಷ್ಟೇ ಇಲ್ಲ, ನಮ್ಮ ಉಪಖಂಡದವರೂ ದಂಡಿಯಾಗಿದ್ದಾರೆ. ಸೈತಾಮಾ ಪ್ರಾಂತ್ಯದ ಯಾಶಿಯೊ ಪಟ್ಟಣದಲ್ಲಿ ಹಳೆಯ ಕಾರು ರಫ್ತು ಮಾಡುವ ಪಾಕಿಸ್ತಾನಿಗಳು ಎಷ್ಟು ನೆಲೆಸಿದ್ದಾರೆಂದರೆ ಆ ಊರಿಗೆ 'ಯಾಶಿಯೊಸ್ತಾನ್' ಎಂಬ ಅಡ್ಡಹೆಸರೇ ಬಿದ್ದಿದೆ. ಊರೂ ಬಿರಿಯಾನಿಯ ರುಚಿ ಹತ್ತಿಸಿಕೊಂಡಿದೆ.

ಕೂತಲ್ಲಿಂದಲೇ ಕೊಳ್ಳುವ ಪದ್ಧತಿ ಇಂಟರ್‌ನೆಟ್ಟಿಗಿಂತ ಹಳೆಯದು. 1985ರಲ್ಲೇ ಆಕ್‌ನೆಟ್ ಎಂಬ ಜಪಾನಿ ಕಂಪನಿ ಕಾರುಗಳ ಚಿತ್ರಗಳನ್ನು ಲೇಸರ್ ಡಿಸ್ಕ್‌ನಲ್ಲಿ ತುಂಬಿ ವ್ಯಾಪಾರಿಗಳಿಗೆ ಕಳಿಸಿ, ಟಿವಿ ಮುಂದೆ ಕೂತೇ ಹರಾಜು ಕೂಗುವಂತೆ ಮಾಡಿತ್ತು. ಕಾರನ್ನು ಮುಟ್ಟದೆ ಕೊಳ್ಳಬೇಕೆಂದರೆ ತಪಾಸಣೆಯ ಬರಹ ನಂಬುವಂತಿರಬೇಕು. ಆ ನಂಬಿಕೆಯನ್ನು ಜಪಾನೀಯರು ತಮ್ಮತಮ್ಮೊಳಗಿನ ವ್ಯಾಪಾರಕ್ಕಾಗಿ ಕಟ್ಟಿಕೊಂಡರು. ಅದರ ಲಾಭ ಆಫ್ರಿಕಕ್ಕೂ ಸಿಕ್ಕಿತು.

ದಲ್ಲಾಳಿಗಳಲ್ಲಿ ಎರಡು ಬಗೆ. ಮೊದಲನೆಯವರು ತಾವೇ ಕಾರು ಕೊಂಡು ಅಂಗಳದಲ್ಲಿ ನಿಲ್ಲಿಸಿ, 'ಕೀನ್ಯಾದ ಮೊಂಬಾಸಾ ಬಂದರಿನ ತನಕ ಇಷ್ಟು ಡಾಲರ್' ಎಂದು ಒಟ್ಟು ಬೆಲೆ ಹೇಳುವವರು. ಸುಲಭ, ಆದರೆ ಹರಾಜಿನಲ್ಲಿ ಅದು ಎಷ್ಟಕ್ಕೆ ಬಂತು, ಇವರ ಲಾಭ ಎಷ್ಟು ಎಂಬುದು ಗಿರಾಕಿಗೆ ತಿಳಿಯದು. ಎರಡನೆಯವರು ಗಿರಾಕಿಯಿಂದ ಮುಂಗಡ ಇರಿಸಿಕೊಂಡು, ಅವನು ಹೇಳಿದ ಗರಿಷ್ಠ ಬೆಲೆಯೊಳಗೆ ಹರಾಜಿನಲ್ಲಿ ಕೂಗಿ, ತಮ್ಮ ಕೂಲಿಯನ್ನು ಬೇರೆಯಾಗಿ ಬರೆದು ತೆಗೆದುಕೊಳ್ಳುವವರು. ಇವರೊಂದಿಗೆ ವಾರಗಟ್ಟಲೆ ಕಾಯಬೇಕು. ಇವತ್ತು ಬೆಲೆ ಮೀರಿತು, ನಾಳಿನದರಲ್ಲಿ ತುಕ್ಕಿದೆ, ಮುಂದಿನ ಶುಕ್ರವಾರ ನಾಗೋಯದಲ್ಲಿ ನೋಡೋಣ, ಹೀಗೆ ನಡೆಯುತ್ತದೆ. ತಾಳ್ಮೆಯಿರುವವರಿಗೆ ಎರಡನೆಯ ದಾರಿಯೇ ವಾಸಿ. ಒಳ್ಳೆಯ ದಲ್ಲಾಳಿ ಹತ್ತು ಕಾರಿಗೆ 'ಬೇಡ' ಎಂದು ಹನ್ನೊಂದನೆಯದಕ್ಕೆ ಗುಂಡಿ ಒತ್ತುತ್ತಾನೆ. ಅವನ ಕೂಲಿಯಲ್ಲಿ ಹೆಚ್ಚಿನ ಪಾಲು ಆ ಹತ್ತು 'ಬೇಡ'ಗಳಿಗೇ ಸಲ್ಲಬೇಕು.

ಬಿಲ್ಲಿನಲ್ಲಿ ಸೇರುವ ಬಾಬ್ತುಗಳು ಹಲವು. ಹರಾಜಿನ ಬೆಲೆ, ಹರಾಜು ಕಂಪನಿಯ ಶುಲ್ಕ, ಅಂಗಳದಿಂದ ಬಂದರಿಗೆ ಲಾರಿ ಬಾಡಿಗೆ, ನೋಂದಣಿ ರದ್ದು ಮಾಡಿಸಿ ರಫ್ತು ಪ್ರಮಾಣಪತ್ರ ಪಡೆಯುವ ಖರ್ಚು, ಹಡಗಿನ ಬಾಡಿಗೆ. ಹಡಗಿನವರು ಕಾರನ್ನು ತೂಗುವುದಿಲ್ಲ, ಅಳೆಯುತ್ತಾರೆ: ಉದ್ದ, ಅಗಲ, ಎತ್ತರ ಗುಣಿಸಿ ಘನ ಮೀಟರಿಗೆ ಇಷ್ಟೆಂದು ದರ. ಆದ್ದರಿಂದ ಎತ್ತರದ ವ್ಯಾನಿಗೆ ಬಾಡಿಗೆ ಹೆಚ್ಚು. ಬಿಲ್ಲಿನಲ್ಲಿ ಕಾಣದ ಎರಡು ಬಾಬ್ತುಗಳೂ ಇವೆ. ಜಪಾನಿನೊಳಗೆ ಕಾರು ಕೊಂಡಾಗ ಕಟ್ಟಿದ ಶೇ 10ರ ಬಳಕೆ ತೆರಿಗೆ, ಕಾರು ರಫ್ತಾದರೆ ರಫ್ತುದಾರನಿಗೆ ವಾಪಸು ಬರುತ್ತದೆ. ಕಾರನ್ನು ಮುಂದೆಂದೋ ಗುಜರಿಗೆ ಹಾಕುವಾಗಿನ ಖರ್ಚಿಗೆಂದು 2005ರ ಕಾನೂನಿನಂತೆ ಇಟ್ಟ ಠೇವಣಿಯೂ ವಾಪಸು. ಇವು ಯಾರ ಜೇಬು ಸೇರುತ್ತಿವೆ ಎಂದು ಕೇಳುವ ಗಿರಾಕಿಯನ್ನು ದಲ್ಲಾಳಿ ಸ್ವಲ್ಪ ಗೌರವದಿಂದ ಕಾಣುತ್ತಾನೆ.

ಮೋಸ ಇಲ್ಲದ ವ್ಯಾಪಾರವಲ್ಲ ಇದು. ಬೇರೆ ಕಾರಿನ ಫೋಟೊ ಹಾಕಿ ದುಡ್ಡು ಕಟ್ಟಿಸಿಕೊಂಡು ಮಾಯವಾಗುವವರಿದ್ದಾರೆ. 3 ಅನ್ನು 4 ಮಾಡಿ ತಿದ್ದಿದ ಶೀಟುಗಳಿವೆ. ಕಿಲೋಮೀಟರ್ ಹಿಂದಕ್ಕೆ ತಿರುಗಿಸುವುದಂತೂ ಜಗತ್ತಿನಾದ್ಯಂತ ಹಳೆಯ ವಿದ್ಯೆ. ಸಮಾಧಾನದ ಸಂಗತಿಯೆಂದರೆ ಜಪಾನಿನಲ್ಲಿ ಈ ವಿದ್ಯೆ ಮುಚ್ಚಿಡುವುದು ಕಷ್ಟ. ಹರಾಜಿಗೆ ಬಂದಾಗಲೆಲ್ಲ ಮೀಟರಿನ ಅಂಕಿ ದಾಖಲಾಗುತ್ತದೆ, ಶಾಕೆನ್‌ನಲ್ಲೂ ದಾಖಲಾಗುತ್ತದೆ, ಆ ಅಂಕಿ ರಫ್ತು ಪ್ರಮಾಣಪತ್ರದ ಮೇಲೂ ಅಚ್ಚಾಗುತ್ತದೆ. ಜಪಾನಿನೊಳಗಿನ ಬಳಕೆಗೆ ತಯಾರಾದ ಕಾರಿಗೆ ಬೇರೆ ದೇಶಗಳಂತೆ ಹದಿನೇಳು ಅಕ್ಷರದ ಸಂಖ್ಯೆಯಿರದೆ, ಮಾದರಿಯ ಸಂಕೇತ ಮುಂದಿಟ್ಟ ಚಿಕ್ಕ ಚಾಸಿಸ್ ಸಂಖ್ಯೆ ಇರುತ್ತದೆ. 2014ರಲ್ಲಿ ರೂಪ ಬದಲಿಸಿಕೊಂಡ 1.5 ಲೀಟರ್ ಪ್ರೊಬಾಕ್ಸ್ ಆದರೆ ಅದು ಸಾಮಾನ್ಯವಾಗಿ NCP160 ಎಂದು ಶುರು. ಆ ಸಂಖ್ಯೆ ಹಿಡಿದು ಮೂಲ ಶೀಟನ್ನು ಹುಡುಕಿ ಕೊಡುವ ಸೇವೆಗಳೂ ಇವೆ. ಹೇಗೂ ತಾನೇ ತಾಳೆ ನೋಡಬಹುದಾದ ಸಂಖ್ಯೆಯನ್ನು ದಲ್ಲಾಳಿ ಕೊಡಲು ಹಿಂದೆಮುಂದೆ ನೋಡಿದರೆ, ಗಿರಾಕಿ ಬೇರೆ ದಲ್ಲಾಳಿಯನ್ನು ನೋಡಿಕೊಳ್ಳುವುದು ಒಳಿತು.

ಇಷ್ಟೆಲ್ಲ ಆದರೂ ಅರ್ಧ ದಾರಿ ಮಾತ್ರ ಕಳೆದಂತೆ. ಉಳಿದರ್ಧ ಇರುವುದು ಕಾರು ಇಳಿಯುವ ದೇಶದ ಕಾನೂನಿನಲ್ಲಿ, ಒಂದೊಂದು ದೇಶದ್ದು ಒಂದೊಂದು ರಾಗ. ಅಮೆರಿಕದಲ್ಲಿ ಅಲ್ಲಿಯ ಸುರಕ್ಷತಾ ನಿಯಮಕ್ಕೆ ತಕ್ಕಂತೆ ತಯಾರಾಗದ ಕಾರು ತರಬೇಕಾದರೆ ಅದಕ್ಕೆ 25 ವರ್ಷ ತುಂಬಿರಬೇಕು. ಅದಕ್ಕಾಗಿ ಅಲ್ಲಿಯ ಕಾರುಪ್ರೇಮಿಗಳು ನಿಸಾನ್ ಸ್ಕೈಲೈನ್ ಜಿಟಿ-ಆರ್‌ನ ಹುಟ್ಟುಹಬ್ಬಕ್ಕೆ ಕಾದು ಕೂರುತ್ತಾರೆ. 1989ರ ಮಾದರಿಗೆ 2014ರಲ್ಲಿ ಬಾಗಿಲು ತೆರೆಯಿತು, 'ಫಾಸ್ಟ್ ಅಂಡ್ ಫ್ಯೂರಿಯಸ್' ಸಿನಿಮಾಗಳಿಂದ ಮನೆಮಾತಾದ 1999ರ ಆರ್34 ಮಾದರಿಗೆ 2024ರಲ್ಲಿ. ಹದಿಹರೆಯದಲ್ಲಿ ಗೋಡೆಗೆ ಚಿತ್ರ ಅಂಟಿಸಿಕೊಂಡವರು ಕೂದಲು ನರೆಯುವ ಹೊತ್ತಿಗೆ ಕೀಲಿಕೈ ಹಿಡಿದರು. ಕೆನಡಾದಲ್ಲಿ 15 ವರ್ಷಕ್ಕೇ ಬಿಡುತ್ತಾರೆ.

ನ್ಯೂಜಿಲೆಂಡ್ ಇದಕ್ಕೆ ತದ್ವಿರುದ್ಧ. 1980ರ ದಶಕದ ಕೊನೆಯಲ್ಲಿ ಜಪಾನಿನ ಹಳೆಯ ಕಾರಿಗೆ ಬಾಗಿಲು ತೆರೆದ ದೇಶ 1998ರಲ್ಲಿ ಕಾರಿನ ಮೇಲಿನ ಆಮದು ಸುಂಕವನ್ನೇ ತೆಗೆದುಹಾಕಿತು. ಅಲ್ಲಿಗೆ ಸ್ಥಳೀಯ ಜೋಡಣಾ ಕಾರ್ಖಾನೆಗಳು ಕಣ್ಣುಮುಚ್ಚಿದವು. ಥೇಮ್ಸ್ ಎಂಬ ಪಟ್ಟಣದಲ್ಲಿ ಹೊಸ ಕಾರು ಜೋಡಿಸುತ್ತಿದ್ದ ಟೊಯೋಟಾ ಕಾರ್ಖಾನೆ ಜಪಾನಿನಿಂದ ಬಂದ ಹಳೆಯ ಟೊಯೋಟಾಗಳನ್ನು ತೊಳೆದು ಒಪ್ಪ ಮಾಡುವ ಕೇಂದ್ರವಾಯಿತು. ಆಕ್ಲೆಂಡ್‌ಗೆ ನೌಕರಿಗೆ ಹೋಗಿ ಮೊದಲ ಕಾರು ಕೊಳ್ಳುವ ಕನ್ನಡಿಗರಿಗೆ ರಸ್ತೆಬದಿಯ ಅಂಗಳಗಳಲ್ಲಿ ಟೊಯೋಟಾ ಆಕ್ವಾ ಸಾಲುಸಾಲಾಗಿ ಕಾಣುವುದು ಈ ಕಾರಣಕ್ಕೆ. ಆ ದೇಶಕ್ಕೆ ಚಿಂತೆ ತಂದದ್ದು ಕಾರಲ್ಲ, ಕಾರೊಳಗಿನ ಹುಳು. 2018ರ ಫೆಬ್ರುವರಿಯಲ್ಲಿ ಜಪಾನಿನಿಂದ ಸಾವಿರಾರು ಕಾರು ಹೊತ್ತು ಬಂದ ಹಡಗುಗಳಲ್ಲಿ ಕೆಟ್ಟ ವಾಸನೆ ಬಿಡುವ ಒಂದು ಜಾತಿಯ ತಿಗಣೆ ಸಿಕ್ಕಿತು. ಚಳಿಗಾಲದಲ್ಲಿ ಬೆಚ್ಚನೆಯ ಸಂದಿ ಹುಡುಕಿಕೊಂಡು ಕಾರಿನೊಳಗೆ ಅಡಗುವ ಈ ಕೀಟ ಹಣ್ಣಿನ ತೋಟಗಳಿಗೆ ಮಾರಿ. ಅಧಿಕಾರಿಗಳು ಅಂಥ ಹಡಗುಗಳನ್ನು ವಾಪಸು ಕಳಿಸಿದರು.

ಶ್ರೀಲಂಕಾ ವಿದೇಶಿ ವಿನಿಮಯ ಬರಿದಾಗುತ್ತಿದ್ದಂತೆ 2020ರ ಮಾರ್ಚಿನಲ್ಲಿ ವಾಹನ ಆಮದನ್ನೇ ನಿಲ್ಲಿಸಿತು. ಖಾಸಗಿ ಕಾರಿಗೆ ಮತ್ತೆ ಅವಕಾಶ ಸಿಕ್ಕಿದ್ದು 2025ರ ಫೆಬ್ರುವರಿಯಲ್ಲಿ. ನಡುವಿನ ಐದು ವರ್ಷ ಕೊಲಂಬೊದಲ್ಲಿ ಹಳೆಯ ಕಾರುಗಳು ವಯಸ್ಸಾದಷ್ಟೂ ದುಬಾರಿಯಾಗುತ್ತ ಹೋದವು. ಐದು ವರ್ಷ ಓಡಿಸಿದ ಕಾರನ್ನು ಕೊಂಡದ್ದಕ್ಕಿಂತ ಹೆಚ್ಚಿಗೆ ಮಾರಿದವರುಂಟು. ಬಾಂಗ್ಲಾದೇಶದಲ್ಲಿ ಇದೇ ಕಾರುಗಳಿಗೆ 'ರೀಕಂಡಿಷನ್ಡ್' ಎಂಬ ಮರ್ಯಾದೆಯ ಹೆಸರಿದೆ. ರಷ್ಯದ ವ್ಲಾದಿವೊಸ್ತೋಕ್‌ನಲ್ಲಂತೂ ರಸ್ತೆಯ ಬಲಗಡೆ ಓಡಿಸುವ ದೇಶವಾದರೂ ಬಲಗಡೆ ಸ್ಟೇರಿಂಗ್ ಇರುವ ಜಪಾನಿ ಕಾರುಗಳದೇ ರಾಜ್ಯ. 2008ರ ಡಿಸೆಂಬರ್‌ನಲ್ಲಿ ಸರ್ಕಾರ ಆಮದು ಸುಂಕ ಏರಿಸಹೊರಟಾಗ ಆ ಊರಿನ ಜನ ಬೀದಿಗಿಳಿದರು. ಯುಕ್ರೇನ್ ಯುದ್ಧದ ಹಿನ್ನೆಲೆಯಲ್ಲಿ 2023ರ ಆಗಸ್ಟ್‌ನಿಂದ 1.9 ಲೀಟರ್ ಮೀರಿದ ಎಂಜಿನ್ನಿನ ಕಾರು, ಹೈಬ್ರಿಡ್, ವಿದ್ಯುತ್ ಕಾರುಗಳನ್ನು ರಷ್ಯಕ್ಕೆ ಕಳಿಸುವುದನ್ನು ಜಪಾನ್ ನಿಷೇಧಿಸಿದೆ.

ಹಾಗಾದರೆ ಬೆಂಗಳೂರಿನವರೂ ಒಂದು ತರಿಸಬಹುದೇ? ನಮ್ಮದೂ ಬಲಗಡೆ ಸ್ಟೇರಿಂಗ್, ಎಡಗಡೆ ಸಂಚಾರ. ಆದರೂ ಉತ್ತರ, ಹೆಚ್ಚುಕಡಿಮೆ, ಇಲ್ಲ. ನಮ್ಮ ಆಮದು ನೀತಿಯಂತೆ ಹಳೆಯ ಕಾರು ತಯಾರಾಗಿ ಮೂರು ವರ್ಷ ಮೀರಿರಬಾರದು, ಮುಂಬೈ ಬಂದರಿನ ಮೂಲಕವೇ ಬರಬೇಕು, ಇನ್ನೂ ಐದು ವರ್ಷ ರಸ್ತೆಗೆ ಯೋಗ್ಯವಾಗಿರುತ್ತದೆಂಬ ಖಾತರಿ ಬೇಕು, ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆಯಾಗಬೇಕು. ಇಷ್ಟನ್ನೂ ದಾಟಿದರೆ ಕಟ್ಟಬೇಕಾದ ಸುಂಕ ಕಾರಿನ ಬೆಲೆಗಿಂತ ಹೆಚ್ಚು. ದೇಶದೊಳಗಿನ ಕಾರು ಉದ್ಯಮ ಉಳಿಯಲಿ ಎಂದು ಬೇಕೆಂದೇ ಎತ್ತಿದ ಗೋಡೆ ಇದು. ಬಿಡದಿಯಲ್ಲಿ ಹೊಸ ಟೊಯೋಟಾಗಳು ತಯಾರಾಗುತ್ತಿರುವುದು ಆ ಗೋಡೆಯ ಒಳಗೆ. ಕೀನ್ಯಾದ ಥಿಕಾದಲ್ಲೂ ಮೊಂಬಾಸಾದಲ್ಲೂ ವಾಹನ ಜೋಡಿಸುವ ಕಾರ್ಖಾನೆಗಳಿವೆ, ಅವಕ್ಕೂ ಇಂಥದೊಂದು ಗೋಡೆಯ ಆಸೆ. ಪ್ರೊಬಾಕ್ಸ್‌ನಲ್ಲಿ ಸಂತೆಗೆ ಹೋಗುವ ರೈತನಿಗೆ ಆ ಆಸೆಯಿಲ್ಲ.

ಕೀನ್ಯಾದ್ದು ಅಮೆರಿಕಕ್ಕೆ ಉಲ್ಟಾ ನಿಯಮ. ಮೊದಲ ನೋಂದಣಿಯಿಂದ ಎಂಟು ವರ್ಷ ಮೀರಿದ ಕಾರಿಗೆ ಪ್ರವೇಶವಿಲ್ಲ. ಲೆಕ್ಕ ಕ್ಯಾಲೆಂಡರ್ ವರ್ಷದ್ದು: 2018ರಲ್ಲಿ ನೋಂದಣಿಯಾದ ಕಾರು 2025ರ ಡಿಸೆಂಬರ್ 31ರೊಳಗೆ ಮೊಂಬಾಸಾ ಮುಟ್ಟಿರಬೇಕು. ಜನವರಿ 1ಕ್ಕೆ ಬಂದರೆ ಬಾಗಿಲು ಹಾಕಿರುತ್ತದೆ. ಅಂದರೆ ಶೀಟಿನ ಮೇಲಿನ H30 ಎಂಬ ಮೂರು ಅಕ್ಷರ ಗಿರಾಕಿಯ ಇಡೀ ಉಳಿತಾಯವನ್ನು ಮುಳುಗಿಸಬಲ್ಲದು. ಗಡುವಿಗೆ ಹತ್ತಿರದ ಕಾರುಗಳು ಹರಾಜಿನಲ್ಲಿ ಅಗ್ಗವಾಗುತ್ತವೆ, ಆಸೆಯೂ ಆಗ ಹೆಚ್ಚು. ಹಡಗು ದಾರಿಯಲ್ಲಿ ಒಂದು ತಿಂಗಳು ತೆಗೆದುಕೊಳ್ಳಬಹುದು, ಒಂದೂವರೆಯೂ ಆಗಬಹುದು. ಸೆಪ್ಟೆಂಬರ್ ದಾಟಿದ ಮೇಲೆ ಅಂಥ ಕಾರಿಗೆ ಕೈಹಾಕದ ದಲ್ಲಾಳಿಯೇ ಕಸುಬು ಬಲ್ಲವನು.

ಹಡಗು ಹತ್ತುವ ಮುನ್ನ ಜಪಾನಿನಲ್ಲೇ ಇನ್ನೊಂದು ತಪಾಸಣೆ ಆಗುತ್ತದೆ. ಕೀನ್ಯಾ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್ ನೇಮಿಸಿದ ಕಂಪನಿಯವರು ಬ್ರೇಕು, ಟೈರು, ದೀಪ ನೋಡುತ್ತಾರೆ. 2011ರ ಫುಕುಶಿಮಾ ಅಣುಸ್ಥಾವರ ದುರಂತದ ಬಳಿಕ ವಿಕಿರಣವನ್ನೂ ಅಳೆಯುವ ರೂಢಿ ಬಂತು. ಆಮೇಲೆ ರೋ-ರೋ ಹಡಗು. ಸುರತ್ಕಲ್‌ನಿಂದ ಲಾರಿಗಳನ್ನೇ ಹೊತ್ತು ಸಾಗುವ ಕೊಂಕಣ ರೈಲಿನ ರೋ-ರೋ ನೋಡಿದವರಿಗೆ ಇದು ಅದರ ಸಮುದ್ರದ ಅಣ್ಣ: ಕಾರುಗಳನ್ನು ಓಡಿಸಿಕೊಂಡೇ ಒಳಗೆ ಹೋಗಿ ಅಂತಸ್ತುಗಳಲ್ಲಿ ನಿಲ್ಲಿಸಿ ಬಿಗಿದು ಕಟ್ಟುತ್ತಾರೆ. ಕಾಗದಪತ್ರಗಳು ಕೊರಿಯರ್‌ನಲ್ಲಿ ಮೊದಲೇ ಹಾರಿ ನೈರೋಬಿ ತಲುಪಿರುತ್ತವೆ.

ಮೊಂಬಾಸಾದಲ್ಲಿ ಕೊನೆಯ ಅಚ್ಚರಿ ಕಾದಿರುತ್ತದೆ, ಅದು ತೆರಿಗೆ. ಕೀನ್ಯಾದಲ್ಲಿ 2023ರ ಜುಲೈಯಿಂದ ಆಮದು ಸುಂಕ ಶೇ 25ರಿಂದ ಶೇ 35ಕ್ಕೆ ಏರಿದೆ. ಅದರ ಮೇಲೆ ಎಂಜಿನ್ ಗಾತ್ರಕ್ಕೆ ತಕ್ಕ ಅಬಕಾರಿ ಸುಂಕ, ಕಾರಿನ ಬೆಲೆಗೆ ಆ ಎರಡೂ ಸೇರಿದ ಮೊತ್ತದ ಮೇಲೆ ಶೇ 16ರ ವ್ಯಾಟ್. ತೆರಿಗೆಯ ಮೇಲೆ ತೆರಿಗೆ, ದೋಸೆಯ ಮೇಲೆ ದೋಸೆಯಂತೆ. ಇಷ್ಟೇ ಆಗಿದ್ದರೆ ಹೇಗೋ ಲೆಕ್ಕ ಹಾಕಬಹುದಿತ್ತು. ಅಲ್ಲಿಯ ಕಂದಾಯ ಇಲಾಖೆ ಗಿರಾಕಿ ಕೊಟ್ಟ ಬೆಲೆಯನ್ನು ನಂಬುವುದಿಲ್ಲ. ಪ್ರತಿ ಮಾದರಿಗೂ ಹೊಸದರ ಮಾರಾಟ ಬೆಲೆಯ ಪಟ್ಟಿಯೊಂದನ್ನು ತಾನೇ ಇಟ್ಟುಕೊಂಡು, ವಯಸ್ಸಿಗೆ ತಕ್ಕಂತೆ ಸವಕಳಿ ಕಳೆದು, ಅದರ ಮೇಲೆ ತೆರಿಗೆ ಕಟ್ಟಿಸಿಕೊಳ್ಳುತ್ತದೆ. ಹರಾಜಿನಲ್ಲಿ ಅದೃಷ್ಟ ಖುಲಾಯಿಸಿ ಅರ್ಧ ಬೆಲೆಗೆ ಕಾರು ಸಿಕ್ಕರೂ ತೆರಿಗೆಯಲ್ಲಿ ಒಂದು ಶಿಲ್ಲಿಂಗ್ ಇಳಿಯದು. ನಿವೇಶನ ನೋಂದಣಿ ಮಾಡಿಸುವಾಗ ಮಾರ್ಗಸೂಚಿ ಬೆಲೆಯೊಂದಿಗೆ ಗುದ್ದಾಡಿದ ನಮ್ಮವರಿಗೆ ಈ ಸಂಕಟ ಚೆನ್ನಾಗಿ ಅರ್ಥವಾದೀತು. ಪಟ್ಟಿ ಆಗಾಗ ಪರಿಷ್ಕರಣೆಯೂ ಆಗುತ್ತದೆ. ಕಾರು ಸಮುದ್ರದ ಮೇಲಿರುವಾಗಲೇ ಅದು ಬದಲಾದರೆ ಎದೆ ಬಡಿದುಕೊಳ್ಳುವುದಷ್ಟೇ ದಾರಿ.

ತೆರಿಗೆ ಕಟ್ಟಿ, ನಂಬರ್ ಪ್ಲೇಟ್ ಸಿಕ್ಕಿ, ಬಂದರಿನ ಗೇಟು ದಾಟಿದ ಪ್ರೊಬಾಕ್ಸ್ ನೈರೋಬಿಯ ಕಡೆಗೆ ಸುಮಾರು 480 ಕಿಲೋಮೀಟರ್ ದಾರಿ ಹಿಡಿಯುತ್ತದೆ. ಒಡೆಯ ರೇಡಿಯೊ ಹಚ್ಚಿದರೆ ತನ್ನ ಊರಿನ ಅರ್ಧಕ್ಕರ್ಧ ಸ್ಟೇಷನ್ ಸಿಗುವುದಿಲ್ಲ. ಜಪಾನಿನ ಎಫ್‌ಎಂ ಶುರುವಾಗುವುದು 76 ಮೆಗಾಹರ್ಟ್ಸ್‌ಗೆ, ಉಳಿದ ಲೋಕ ಹಾಡುವ 108ರವರೆಗೆ ಆ ರೇಡಿಯೊದ ಮುಳ್ಳು ಏರುವುದೇ ಇಲ್ಲ. ಅದಕ್ಕೊಂದು ಪುಟ್ಟ ಡಬ್ಬಿ ಹಾಕಿಸಬೇಕು, ನೈರೋಬಿಯ ಅಂಗಡಿಗಳಲ್ಲಿ ಸಿಗುತ್ತದೆ. ಇನ್ನೊಂದು ದನಿಯನ್ನು ಮಾತ್ರ ಹಲವರು ಹಾಗೇ ಬಿಟ್ಟುಬಿಡುತ್ತಾರೆ. ಕೀಲಿ ತಿರುಗಿಸಿದ ಕೂಡಲೇ ಡ್ಯಾಶ್‌ಬೋರ್ಡಿನ ಒಳಗಿನಿಂದ ಒಬ್ಬ ಹೆಂಗಸು ಬಲು ವಿನಯದಿಂದ ಜಪಾನಿಯಲ್ಲಿ ಏನೋ ಹೇಳುತ್ತಾಳೆ. ಹೆದ್ದಾರಿ ಟೋಲ್‌ನ ಕಾರ್ಡು ಹಾಕಿಲ್ಲ, ದಯವಿಟ್ಟು ಗಮನಿಸಿ ಎಂಬುದು ಅದರ ಅರ್ಥ. ಹಿಂದಿನ ಯಜಮಾನ ಕಾರ್ಡನ್ನು ಕಿತ್ತುಕೊಂಡು ಹೋಗಿ ತಿಂಗಳುಗಳಾಗಿವೆ. ಮೂಟೆ ತುಂಬಿ, ಜನ ಹತ್ತಿ, ಸಂತೆಗೆ ಹೊರಡುವ ಪ್ರತಿ ಬೆಳಿಗ್ಗೆ ಅವಳು ಅದನ್ನೇ ಹೇಳುತ್ತಾಳೆ.